ಏಣಿಯ ಬುಡದ ಪೆಟ್ಟಿಗೆ



ಸೂರಿನ ಮೇಲಿಂದ ಯಾರೋ ಬಿದ್ದರೆಂಬ ಸುದ್ದಿ ಬಂದಾಗ ಜನ ಮೊದಲು ಕೇಳುವುದು, "ಬೆಲ್ಟು ಹಾಕಿದ್ದಿಲ್ಲೇನು?" ಬರುವ ಉತ್ತರ, "ಬೆಲ್ಟು ಇತ್ರೀ, ಸ್ಟೋರಿನ್ಯಾಗ ಇತ್ತು." ಈ ಉತ್ತರವನ್ನು ನೆಪವೆಂದು ತಳ್ಳಿಹಾಕುವುದು ಸುಲಭ. ನಾನು ತಳ್ಳಿಹಾಕುವುದಿಲ್ಲ. ಸ್ಟೋರು ಗೇಟಿನ ಹತ್ತಿರ, ಕೆಲಸ ಅರ್ಧ ಕಿಲೋಮೀಟರ್ ಆಚೆ. ಬೀಗದ ಕೈ ಸೂಪರ್‌ವೈಸರ್ ಜೇಬಿನಲ್ಲಿ, ಸೂಪರ್‌ವೈಸರ್ ಇನ್ನೊಂದು ಸೈಟಿನಲ್ಲಿ. ಮಾಡಬೇಕಾದದ್ದೋ ಎರಡು ಬೋಲ್ಟು ಬಿಗಿಯುವ ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷಕ್ಕಾಗಿ ಅರ್ಧ ಗಂಟೆ ಓಡಾಡಿ ಬೆಲ್ಟು ತರುವವರು ಅಪರೂಪ.

ಆದ್ದರಿಂದ ಬೆಲ್ಟು ಹಾಕಿಕೊಳ್ಳಿ, ಜೀವ ದೊಡ್ಡದು ಎಂಬ ಉಪದೇಶ ಇವತ್ತು ಬೇಡ. ಅದನ್ನು ಪ್ರತಿ ವರ್ಷ ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಎಲ್ಲ ಕಾರ್ಖಾನೆಗಳಲ್ಲೂ ಕೇಳುತ್ತೀರಿ. ನಾನು ಹೇಳಹೊರಟಿರುವುದು ಇನ್ನೂ ಸಣ್ಣ, ಇನ್ನೂ ಬೇಸರದ ವಿಷಯ. ಬೆಲ್ಟು, ಹಗ್ಗ, ಹಲಗೆ, ಏಣಿ, ಬಲೆ ಇವೆಲ್ಲ ರಾತ್ರಿ ಎಲ್ಲಿ ಇರುತ್ತವೆ, ಬೆಳಿಗ್ಗೆ ಯಾರ ಹೆಗಲೇರಿ ಹೋಗುತ್ತವೆ, ಸಂಜೆ ಹೇಗೆ ವಾಪಸು ಬರುತ್ತವೆ, ಆ ಹೊರುವ ಕೆಲಸಕ್ಕೆ ಕೂಲಿ ಯಾರು ಕೊಡುತ್ತಾರೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಈ ನಾಲ್ಕೂ ಕಡೆ ಸೂರಿನ ಮೇಲಿನ ಕೆಲಸ ಬೇರೆಬೇರೆ ಥರದ್ದು. ಹಾಗಾಗಿ ಸಾಮಾನು ಸಾಗಿಸುವ, ಇಡುವ ತೊಂದರೆಯೂ ಬೇರೆಬೇರೆ.

ಮೊದಲು ಕಂಪ್ಲಿಗೆ ಹೋಗೋಣ. ತುಂಗಭದ್ರೆಯ ನೀರಿನಿಂದ ಭತ್ತದ ಸೀಮೆಯಾದ ಊರು ಅದು. ಭತ್ತ ಇದ್ದಲ್ಲಿ ಅಕ್ಕಿ ಗಿರಣಿ, ಗಿರಣಿ ಇದ್ದಲ್ಲಿ ಗೋದಾಮು, ಗೋದಾಮಿನ ಮೇಲೆ ಸಿಮೆಂಟ್ ಶೀಟು. ಮುಂಗಾರಿಗೆ ಮುಂಚೆ, ಮೇ ತಿಂಗಳ ಉರಿಯಲ್ಲಿ, ಒಡೆದ ಶೀಟು ಬದಲಿಸುವ ಕೆಲಸ ಶುರುವಾಗುತ್ತದೆ. ಮಾಲೀಕರು ಮಳೆ ತಲೆಯ ಮೇಲೆ ಬಂತು ಅನ್ನುವಾಗ ಮೇಸ್ತ್ರಿಗೆ ಫೋನು ಮಾಡುತ್ತಾರೆ. ಮೇಸ್ತ್ರಿ ನಾಲ್ಕು ಆಳು, ಒಂದು ಏಣಿ, ಒಂದು ಹಗ್ಗ ಹಿಡಿದುಕೊಂಡು ಬರುತ್ತಾನೆ.

ಹಳೆಯ ಸಿಮೆಂಟ್ ಶೀಟು ಆಳಿನ ಭಾರ ತಡೆಯುವುದಿಲ್ಲ. ಹೊಸದಕ್ಕೂ ಆ ಭರವಸೆ ಇಲ್ಲ. ಬೋಲ್ಟಿನ ಸಾಲಿನ ಮೇಲೆ ಕಾಲಿಟ್ಟು ನಡೆದರೆ ಕೆಳಗೆ ಶೀಟು ಹೊರುವ ಅಡ್ಡ ಕಬ್ಬಿಣ, ಅಂದರೆ ಪರ್ಲಿನ್, ಇರುತ್ತದೆ, ಏನಾಗುವುದಿಲ್ಲ ಎಂಬುದು ಕೆಲಸಗಾರರ ನಂಬಿಕೆ. ಗೇಣಗಲವೂ ಇಲ್ಲದ ಕಬ್ಬಿಣದ ಮೇಲೆ, ಕೈಯಲ್ಲಿ ಸ್ಪ್ಯಾನರ್ ಹಿಡಿದು, ಬಿಸಿಲಿಗೆ ಕಣ್ಣು ಕತ್ತಲೆ ಬರುತ್ತಿರುವಾಗ ನೇರ ನಡೆಯುತ್ತೇನೆ ಅನ್ನುವುದು ನಂಬಿಕೆಯೇ ಹೊರತು ಲೆಕ್ಕವಲ್ಲ. ಇನ್ನೊಂದು ಕಂಟಕ ಇದೆ. ಬೆಳಕು ಬರಲಿ ಅಂತ ನಡುನಡುವೆ ಹಾಕಿದ ಫೈಬರ್ ಶೀಟು. ನಾಲ್ಕಾರು ವರ್ಷ ಗಿರಣಿಯ ತೌಡು, ಹೊಟ್ಟಿನ ಬೂದಿ ಕೂತ ಮೇಲೆ ಯಾವುದು ಫೈಬರ್, ಯಾವುದು ಸಿಮೆಂಟ್ ಎಂದು ಮೇಲಿಂದ ಗುರುತೇ ಸಿಗುವುದಿಲ್ಲ. ನಮ್ಮ ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿಯೂ ಹೀಗೇ. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕಲು ಹತ್ತಿದವರು ಗೋಣಿಚೀಲ ಮುಚ್ಚಿದ ಬೆಳಕಿಂಡಿಯ ಮೇಲೆ ಕಾಲಿಡುವುದು ಬೆಲ್ಟು, ಹೆಲ್ಮೆಟ್ಟು ಎಂಬ ಮಾತು ಬರುವುದಕ್ಕೂ ಮುಂಚಿನ ಅಪಾಯ.

ಇಂಥ ಸೂರಿಗೆ ಬೇಕಾದ ಮುಖ್ಯ ಸಾಮಾನು ಹಲಗೆ. ಅಡ್ಡಪಟ್ಟಿ ಹೊಡೆದ ಹಲಗೆ, ಕನಿಷ್ಠ ಎರಡು ಪರ್ಲಿನ್ನುಗಳ ಮೇಲೆ ಕೂರುವಷ್ಟು ಉದ್ದದ್ದು. ಮನುಷ್ಯನ ಭಾರ ಶೀಟಿಗೆ ಬೀಳದೆ ಕಬ್ಬಿಣಕ್ಕೆ ಹೋಗುವುದು ಅದರಿಂದಲೇ. ಈ ಹಲಗೆಯ ವಿಷಯ ಬಹಳಷ್ಟು ಮೇಸ್ತ್ರಿಗಳಿಗೆ ಗೊತ್ತು. ಆದರೂ ಏಕೆ ಒಯ್ಯುವುದಿಲ್ಲ? ಅದು ಭಾರ, ಉದ್ದ, ಬೈಕಿನ ಮೇಲೆ ಬರುವುದಿಲ್ಲ. ಟಾಟಾ ಏಸ್ ಬಾಡಿಗೆ ಹಿಡಿಯಬೇಕು. ಮೇಲಕ್ಕೆ ಏರಿಸಲು ಇಬ್ಬರು ಬೇಕು. ಮೇಲೆ ಹೋದ ಮೇಲೂ ಒಂದೇ ಹಲಗೆ ಇದ್ದರೆ ಅದನ್ನು ಮುಂದೆ ಸರಿಸಲು ಮನುಷ್ಯ ಶೀಟಿನ ಮೇಲೇ ಇಳಿಯಬೇಕಾಗುತ್ತದೆ. ಅಂದರೆ ಒಬ್ಬನಿಗೆ ಕನಿಷ್ಠ ಎರಡು ಹಲಗೆ. ಒಂದರ ಮೇಲೆ ನಿಂತು ಇನ್ನೊಂದನ್ನು ಮುಂದಕ್ಕೆ ಸರಿಸುವುದು. ಮೂರಿದ್ದರೆ ಕೆಲಸ ಇನ್ನೂ ಚುರುಕು.

ಇದಕ್ಕೆ ನನ್ನ ಸಲಹೆ ಬಹಳ ಸರಳ. ಹಲಗೆ ಮೇಸ್ತ್ರಿಯದ್ದಾಗಿರಬೇಕಿಲ್ಲ, ಗಿರಣಿಯದ್ದಾಗಲಿ. ಪ್ರತಿ ವರ್ಷ ಅದೇ ಸೂರು, ಅದೇ ಪರ್ಲಿನ್ ಅಂತರ. ಅಳತೆ ತೆಗೆದು ನಾಲ್ಕಾರು ಹಲಗೆ ಮಾಡಿಸಿ ಗೋದಾಮಿನ ಒಳಗೋಡೆಗೆ ಕಬ್ಬಿಣದ ಗೂಟ ಹೊಡೆದು ಅಡ್ಡಲಾಗಿ ಇಟ್ಟರೆ ಸಾಗಣೆಯ ಪ್ರಶ್ನೆಯೇ ಹೋಯಿತು. ನೆಲಕ್ಕೆ ಒರಗಿಸಿ ಇಟ್ಟರೆ ತೇವ ಹಿಡಿದು, ಗೆದ್ದಲು ಹತ್ತಿ, ಮುಂದಿನ ವರ್ಷ ಹಲಗೆಯೇ ಶೀಟಿನಂತೆ ಮುರಿಯುತ್ತದೆ. ಹಲಗೆಗೆ ಬಣ್ಣ ಬಳಿಯಬೇಡಿ. ಬಣ್ಣದ ಕೆಳಗೆ ಸೀಳು ಕಾಣುವುದಿಲ್ಲ. ಕಂಪ್ಲಿಯ ಕೋಟೆಯ ಕಡೆ, ಹೊಳೆಯ ದಂಡೆಯ ಕಡೆ ಇರುವವರಿಗೆ ಇನ್ನೊಂದು ಮಾತು. ತುಂಗಭದ್ರಾ ಅಣೆಕಟ್ಟೆಯಿಂದ ನೀರು ಹೆಚ್ಚು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದನ್ನು ನೋಡಿದ್ದೀರಿ. ಅಂಥ ಕಡೆ ಹಗ್ಗ, ಬೆಲ್ಟು ನೆಲದ ಪೆಟ್ಟಿಗೆಯಲ್ಲಿ ಬೇಡ, ಅಟ್ಟದ ಮೇಲಿರಲಿ. ಗಿರಣಿಯೆಂದ ಮೇಲೆ ಇಲಿ ಇದ್ದದ್ದೇ. ಇಲಿ ಹಗ್ಗವನ್ನು ಪೂರ್ತಿ ಕಡಿಯುವುದಿಲ್ಲ, ಒಂದೆರಡು ಎಳೆ ಕಡಿದು ಬಿಡುತ್ತದೆ. ಪೂರ್ತಿ ಕಡಿದಿದ್ದರೆ ಕಣ್ಣಿಗಾದರೂ ಬೀಳುತ್ತಿತ್ತು. ಮುಚ್ಚಳ ಬಿಗಿಯಾಗಿ ಕೂರುವ ತಗಡಿನ ಡಬ್ಬ, ಗಾಳಿಯಾಡಲು ಸಣ್ಣ ಜಾಲರಿಯ ಕಿಂಡಿ, ಇಷ್ಟು ಸಾಕು.

ಇನ್ನೂ ಒಳ್ಳೆಯ ದಾರಿ ಎಂದರೆ ಸೂರಿನ ಮೇಲೆ ಹತ್ತದಿರುವುದು. ಗೋದಾಮು ಖಾಲಿ ಇರುವ ತಿಂಗಳಲ್ಲಿ ಒಳಗೆ ಗಾಲಿಯ ಸಾರವೆ ನಿಲ್ಲಿಸಿ ಕೆಳಗಿನಿಂದಲೇ ಎಷ್ಟೋ ಶೀಟು ಬದಲಿಸಬಹುದು. ಆದರೆ ಗೋದಾಮು ಖಾಲಿಯಾಗುವುದು ಯಾವಾಗ, ಮಾಲೀಕರಿಗೆ ಸೂರಿನ ನೆನಪಾಗುವುದು ಯಾವಾಗ! ಇವೆರಡೂ ಒಂದೇ ತಿಂಗಳಲ್ಲಿ ಬರುವುದು ಕಷ್ಟ.

ಇಲ್ಲಿ ಒಂದು ಲೆಕ್ಕ ಹೇಳಿಬಿಡುತ್ತೇನೆ. ರೇಡಿಯೋದಲ್ಲಿ ಲೆಕ್ಕ ಹೇಳಬಾರದು ಅನ್ನುತ್ತಾರೆ, ಆದರೆ ಈ ಲೆಕ್ಕ ಗೊತ್ತಿಲ್ಲದಿದ್ದರೆ ಬೆಲ್ಟು ಹಾಕಿಕೊಂಡೂ ಉಪಯೋಗವಿಲ್ಲ. ಅಂಗಡಿಯಲ್ಲಿ ಸಿಗುವ ಮೈತುಂಬ ಕಟ್ಟುವ ಬೆಲ್ಟಿನ ಹಗ್ಗ ಸಾಮಾನ್ಯವಾಗಿ 1.8 ಮೀಟರ್. ಅದರಲ್ಲಿ ಜರ್ಕು ತಡೆಯುವ ಹೊಲಿಗೆಯ ಕಟ್ಟು ಇದ್ದರೆ, ಬಿದ್ದ ರಭಸಕ್ಕೆ ಅದು ಬಿಚ್ಚಿಕೊಂಡು ಇನ್ನೂ ಒಂದು ಮೀಟರಿನ ಮೇಲೆ ಉದ್ದವಾಗುತ್ತದೆ. ಅದು ಬಿಚ್ಚಿಕೊಳ್ಳಲೇಬೇಕು, ಬಿಚ್ಚಿಕೊಳ್ಳುವುದರಿಂದಲೇ ಬೆನ್ನೆಲುಬು ಉಳಿಯುವುದು. ಬೆನ್ನಿನ ಕೊಂಡಿಯಿಂದ ಪಾದದವರೆಗೆ ಮನುಷ್ಯನ ಉದ್ದ ಒಂದೂವರೆ ಮೀಟರ್ ಹಿಡಿಯಿರಿ. ನೆಲಕ್ಕೂ ಪಾದಕ್ಕೂ ನಡುವೆ ಒಂದು ಮೀಟರ್ ಬಿಡಿ. ಎಲ್ಲ ಕೂಡಿಸಿದರೆ ಐದೂವರೆ ಮೀಟರಿನ ಹತ್ತಿರ, ಅಂದರೆ 18 ಅಡಿ. ಕಾಲ ಬುಡದಲ್ಲಿ ಹುಕ್ಕು ಹಾಕಿದವನಿಗೆ ಸೂರಿನಿಂದ ಕೆಳಗೆ ಅಷ್ಟು ಖಾಲಿ ಜಾಗ ಬೇಕು. ಹೊಸಪೇಟೆಯ ಒಂದಂತಸ್ತಿನ ಮನೆಯ ಮಾಳಿಗೆ ಹತ್ತು–ಹನ್ನೆರಡು ಅಡಿ. ಅಲ್ಲಿ ಆ ಉದ್ದದ ಹಗ್ಗ ಕಟ್ಟಿಕೊಂಡು ಬಿದ್ದವನು ಹಗ್ಗ ತಡೆದು ನಿಲ್ಲಿಸುವ ಮೊದಲೇ ನೆಲ ಮುಟ್ಟಿರುತ್ತಾನೆ. ಅಂಥ ಕಡೆ ಅಂಚಿನವರೆಗೂ ಹೋಗಗೊಡದ ಗಿಡ್ಡ ಹಗ್ಗ ಬೇಕು. ಎತ್ತರದ ಶೆಡ್ಡಿಗೆ ಜರ್ಕು ತಡೆಯುವ ಹಗ್ಗ. ಸ್ಟೋರಿನಲ್ಲಿ ಎರಡೂ ಒಂದೇ ಗೂಟಕ್ಕೆ ಗೋಜಲಾಗಿ ನೇತಾಡುತ್ತಿದ್ದರೆ ಬೆಳಿಗ್ಗೆ ಕೈಗೆ ಸಿಕ್ಕಿದ್ದು ಹೋಗುತ್ತದೆ. ಗಿಡ್ಡದ್ದಕ್ಕೆ ಒಂದು ಬಣ್ಣದ ಪಟ್ಟಿ, ಉದ್ದದ್ದಕ್ಕೆ ಒಂದು ಬಣ್ಣದ ಪಟ್ಟಿ, ಬೇರೆ ಬೇರೆ ಗೂಟ. ಓದು ಬಾರದವರಿಗೂ ಬಣ್ಣ ತಿಳಿಯುತ್ತದೆ.

ಈಗ ಸಂಡೂರು. ಅಲ್ಲಿಯ ತೊಂದರೆ ಎರಡು. ದೂರ ಮತ್ತು ಕೆಂಧೂಳು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಾಗಲಿ, ದೋಣಿಮಲೈಯ ಎನ್‌ಎಂಡಿಸಿ ಗಣಿಯಾಗಲಿ ಅವುಗಳ ವಿಸ್ತಾರವೇ ಬೇರೆ. ಅದಿರು ಸಾಗಿಸುವ ಕನ್ವೇಯರ್ ಬೆಲ್ಟಿನ ಮೇಲೆ ತಗಡಿನ ಹೊದಿಕೆ ಉದ್ದಕ್ಕೂ ಹೋಗುತ್ತದೆ. ಕ್ರಷರ್ ಮನೆಯ ಸೂರು ಮೂರ್ನಾಲ್ಕು ಅಂತಸ್ತಿನಷ್ಟು ಎತ್ತರ. ಇಂಥ ದೊಡ್ಡ ಕಾರ್ಖಾನೆಗಳಲ್ಲಿ ನಿಯಮ ಬಿಗಿಯಾಗಿರುತ್ತದೆ. 1.8 ಮೀಟರ್ ದಾಟಿದರೆ ಎತ್ತರದ ಕೆಲಸವೆಂದು ಲೆಕ್ಕ, ಪರ್ಮಿಟ್ ಬೇಕು, ಎರಡು ಹುಕ್ಕಿನ ಬೆಲ್ಟು ಬೇಕು. ಬೆಲ್ಟಿನ ಮೇಲೆ ಐಎಸ್ 3521 ಎಂಬ ಮಾನಕದ ಸಂಖ್ಯೆ, ಹೆಲ್ಮೆಟ್ಟಿನ ಮೇಲೆ ಐಎಸ್ 2925 ಎಂಬ ಸಂಖ್ಯೆ ಇದೆಯೇ ಎಂದು ನೋಡುತ್ತಾರೆ. ಆದರೆ ಅಲ್ಲಿ ಕೆಲಸ ಮಾಡುವವರಲ್ಲಿ ಬಹಳ ಜನ ಗುತ್ತಿಗೆಯವರು, ಗುತ್ತಿಗೆಯವರ ಕೆಳಗಿನ ಗುತ್ತಿಗೆಯವರು. ಅವರ ಸಾಮಾನಿಗೆ ಇರುವುದು ಗೇಟಿನಾಚೆಯ ಒಂದು ಕಬ್ಬಿಣದ ಕಂಟೇನರ್. ಅದು ಬಿಸಿಲಿನಲ್ಲಿ ನಿಂತಿರುತ್ತದೆ. ಹೊರಗೆ 40 ಡಿಗ್ರಿ ಇದ್ದರೆ ಒಳಗೆ ಎಷ್ಟಿರುತ್ತದೆ ಎಂದು ಬಾಗಿಲು ತೆಗೆದವರ ಮುಖಕ್ಕೇ ಗೊತ್ತು. ಬೆಲ್ಟಿನ ಪಟ್ಟಿ ನೈಲಾನ್ ಅಥವಾ ಪಾಲಿಯೆಸ್ಟರ್. ಬಿಸಿಲು, ಕಾವು ಎರಡೂ ಅದರ ನೂಲನ್ನು ಸದ್ದಿಲ್ಲದೆ ತಿನ್ನುತ್ತವೆ. ಬಣ್ಣ ಮಾಸುವುದು, ಮುಟ್ಟಿದರೆ ಪುಡಿಪುಡಿಯಾಗಿ ಬರುವುದು, ಬಗ್ಗಿಸಿದರೆ ಗಡುಸಾಗಿರುವುದು ಇದರ ಗುರುತು. ಕಂಟೇನರ್ ಬಿಟ್ಟು ಬೇರೆ ದಾರಿಯಿಲ್ಲದಿದ್ದರೆ ಅದರ ಮೇಲೊಂದು ತಾಳೆಗರಿಯ ಚಪ್ಪರವನ್ನಾದರೂ ಹಾಕಿ, ಎರಡು ಕಡೆ ಕಿಂಡಿ ಕೊರೆಸಿ, ಬೆಲ್ಟನ್ನು ತಗಡಿಗೆ ತಾಗದಂತೆ ನಡುವೆ ನೇತುಹಾಕಿ. ಹೆಲ್ಮೆಟ್ಟಿನದ್ದೂ ಅದೇ ಪಾಡು. ಜೀಪಿನ ಹಿಂದಿನ ಗಾಜಿನ ಕೆಳಗೆ ವರ್ಷಗಟ್ಟಲೆ ಬಿಸಿಲು ಕಾಯುತ್ತಾ ಕೂತ ಹೆಲ್ಮೆಟ್ಟುಗಳನ್ನು ನೀವೂ ನೋಡಿರುತ್ತೀರಿ. ಅವು ಸಾಹೇಬರು ಬಂದಾಗ ತಲೆಗೆ ಏರುವುದಕ್ಕೆ ಮಾತ್ರ ಸರಿ.

ಕೆಂಧೂಳಿನ ಮಾತು. ಸಂಡೂರಿನ ಅದಿರಿನ ಧೂಳು ಬರಿಯ ಬಣ್ಣವಲ್ಲ, ಸಣ್ಣ ಸಣ್ಣ ಹರಿತವಾದ ಕಣ. ಪಟ್ಟಿಯ ನೇಯ್ಗೆಯೊಳಗೆ ಹೊಕ್ಕು, ಮೈ ಆಡಿದಂತೆಲ್ಲ ಒಳಗಿನಿಂದಲೇ ನೂಲನ್ನು ಉಜ್ಜುತ್ತದೆ. ಹುಕ್ಕಿನ ಸ್ಪ್ರಿಂಗಿನಲ್ಲಿ ಕೂತರೆ ನಾಲಗೆ ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದೆ ಎಂದು ನಂಬಿ ಮುಂದೆ ಹೋಗುತ್ತೇವೆ. ತೊಳೆಯಲು ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ನೆರಳಿನಲ್ಲಿ ಒಣಗಿಸುವುದು. ಧೂಳು ಬೇಗ ಹೋಗಲಿ ಎಂದು ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಬಳಸುವ ರೂಢಿ ಇದೆ. ದಯವಿಟ್ಟು ಬಿಡಿ. ಬೆಲ್ಟಿನ ಮೇಲೆ ಹೆಸರು ಬರೆಯಲು ಪೇಂಟು, ಮಾರ್ಕರ್ ಪೆನ್ನು ಕೂಡ ಬೇಡ. ಅದರ ದ್ರಾವಣವೂ ನೂಲಿಗೆ ಆಗದು. ಹೆಸರಿಗೆ ಒಂದು ಚೀಟಿ ಹೊಲಿಸಿ, ಅದೂ ಭಾರ ಹೊರುವ ಪಟ್ಟಿಯ ಮೇಲಲ್ಲ.

ಇನ್ನು ದೂರ. ಒಂದು ಮಾತು ಖಂಡಿತವಾಗಿ ಹೇಳುತ್ತೇನೆ: ಸ್ಟೋರು ಒಂದೇ ಇರಬಹುದು, ಆದರೆ ದಿನದ ಸಾಮಾನು ಇರಬೇಕಾದದ್ದು ಏಣಿಯ ಬುಡದಲ್ಲಿ. ಉಪ್ಪಿನ ಡಬ್ಬಿಯನ್ನು ಯಾವ ಅಡುಗೆಯವರೂ ಪಡಸಾಲೆಯಲ್ಲಿ ಇಡುವುದಿಲ್ಲ. ಕೆಲಸದ ಜಾಗದಲ್ಲಿ ಗಾಲಿಯ ಮೇಲೆ ಒಂದು ಪೆಟ್ಟಿಗೆ. ಅದರ ಬೀಗಕ್ಕೆ ಎರಡು ಕೈ, ಒಂದು ಸೂಪರ್‌ವೈಸರ್ ಹತ್ತಿರ, ಇನ್ನೊಂದು ಮೇಲೆ ಹತ್ತುವ ತಂಡದ ಮುಖ್ಯಸ್ಥನ ಹತ್ತಿರ. ಕಳ್ಳತನ ಆದೀತು ಅನ್ನುತ್ತಾರೆ. ಆಗುತ್ತದೆ, ಒಂದೆರಡು ಬೆಲ್ಟು ಹೋಗಬಹುದು. ಆದರೆ ಬೀಗದ ಭದ್ರತೆಗೆ ನಾವು ಕೊಡುತ್ತಿರುವ ಬೆಲೆ ಏನು ಎಂದು ಒಮ್ಮೆಯಾದರೂ ಲೆಕ್ಕ ಹಾಕಿದ್ದೇವೆಯೇ?

ಪೆಟ್ಟಿಗೆಯ ಒಳಗೆ ಜೋಡಿಸುವುದಕ್ಕೂ ಒಂದು ಕ್ರಮ ಬೇಕು. ಮೈಮೇಲೆ ಹಾಕಿಕೊಳ್ಳುವ ಕ್ರಮದಲ್ಲೇ ಸಾಮಾನು ಕೈಗೆ ಸಿಗಬೇಕು. ಮೇಲೆ ಹೆಲ್ಮೆಟ್ಟು, ಅದರ ಕೆಳಗೆ ಬೆಲ್ಟು, ಪಕ್ಕದಲ್ಲಿ ಗಿಡ್ಡ ಹಗ್ಗ, ಕೆಳಗೆ ಹುಕ್ಕು ಸಿಕ್ಕಿಸಲು ಸೂರಿನುದ್ದ ಕಟ್ಟುವ ಜೀವಹಗ್ಗ, ಎಲ್ಲಕ್ಕೂ ಕೆಳಗೆ ಬಲೆ. ಒಬ್ಬೊಬ್ಬರ ಬೆಲ್ಟಿಗೆ ಒಂದೊಂದು ಬಟ್ಟೆಯ ಚೀಲ. ಚೀಲವಿಲ್ಲದಿದ್ದರೆ ನಾಲ್ಕು ಬೆಲ್ಟು ಹೆಣೆದುಕೊಂಡು, ಬಿಡಿಸುವ ಹೊತ್ತಿಗೆ ಮನುಷ್ಯನ ತಾಳ್ಮೆ ಮುಗಿದಿರುತ್ತದೆ. ಇಲ್ಲೊಂದು ಎಚ್ಚರಿಕೆ. ನಮ್ಮಲ್ಲಿ ಏನೇ ಸಾಗಿಸಲಿ, ಖಾಲಿ ಸಿಮೆಂಟ್ ಚೀಲವೇ ಗತಿ. ಬೆಲ್ಟನ್ನು ಮಾತ್ರ ಅದರಲ್ಲಿ ಹಾಕಬೇಡಿ. ಸಿಮೆಂಟಿನ ಪುಡಿ ಬೆವರಿನ ತೇವ ಸೇರಿದರೆ ಸುಣ್ಣದಂತೆ ಸುಡುವ ಕ್ಷಾರ, ಪಾಲಿಯೆಸ್ಟರಿಗೆ ಅದು ಶತ್ರು. ನೈಲಾನಿಗೆ ಆಮ್ಲ ಶತ್ರು, ಹಾಗಾಗಿ ಬ್ಯಾಟರಿ ಇಟ್ಟ ಮೂಲೆಯೂ ಬೇಡ. ಬೈಕಿನ ಹಿಂದೆ ಕಟ್ಟಿಕೊಂಡು ಹೊಸಪೇಟೆಯಿಂದ ಕಂಪ್ಲಿಗೋ ಸಂಡೂರಿಗೋ ಸುಮಾರು 30 ಕಿಲೋಮೀಟರ್ ಹೋಗುವವರು ಬೆಲ್ಟಿನ ತುದಿ ಸೈಲೆನ್ಸರಿಗೆ ತಾಗದಂತೆ ನೋಡಿಕೊಳ್ಳಿ. ಕರಗಿದ ಜಾಗ ಹೊಳೆಯುತ್ತದೆ, ಗಟ್ಟಿಯಾಗಿದೆ ಅನ್ನಿಸುತ್ತದೆ. ಆದರೆ ಅಲ್ಲಿಗೆ ಆ ಬೆಲ್ಟಿನ ಆಯಸ್ಸು ಮುಗಿದಂತೆ.

ಏಣಿ ಹತ್ತುವಾಗ ಕೈ ಖಾಲಿ ಇರಲಿ. ಹಗ್ಗದ ಸುರುಳಿ ಹೆಗಲಿಗೆ, ಡ್ರಿಲ್ ಮಷಿನ್ ಕೈಗೆ, ಬಾಯಲ್ಲಿ ಬೋಲ್ಟು, ಹೀಗೆ ಹತ್ತುವುದು ನಮ್ಮಲ್ಲಿ ಜಾಣತನ ಎನಿಸಿಕೊಂಡಿದೆ. ಮನುಷ್ಯ ಮೊದಲು ಹತ್ತಲಿ, ಹುಕ್ಕು ಹಾಕಿಕೊಳ್ಳಲಿ, ಆಮೇಲೆ ರಾಟೆ ಕಟ್ಟಿ ಚೀಲದಲ್ಲಿ ಸಾಮಾನು ಏರಿಸಿಕೊಳ್ಳಲಿ. ಏರಿಸಿದ ಶೀಟುಗಳನ್ನು ಒಂದೇ ಜಾಗದಲ್ಲಿ ಪೇರಿಸಬಾರದು. ಕೆಳಗೆ ನಿಂತವನು ರಾಟೆಯ ನೇರಕ್ಕೆ ನಿಲ್ಲಬಾರದು. ಇವೆರಡೂ ಎಲ್ಲರಿಗೂ ಗೊತ್ತಿರುವ ಮಾತು, ಮುಂದೆ ಹೋಗುತ್ತೇನೆ.

ಸಾಮಾನು ಕೆಲಸದ ಜಾಗಕ್ಕೆ ಸರಿಯಾದ ಕ್ರಮದಲ್ಲಿ ಬರುವುದು ಎಷ್ಟು ದೊಡ್ಡ ವಿಷಯ ಎಂಬುದನ್ನು ಹೊಸಪೇಟೆ ಈಚೆಗೆ ಕಣ್ಣಾರೆ ಕಂಡಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಬಾಯಿಯಿಂದ ನೀರು ನುಗ್ಗುತ್ತಿರುವಾಗಲೇ ಅಲ್ಲಿ ತಡೆಗೇಟು ಇಳಿಸಬೇಕಿತ್ತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹೊಸಪೇಟೆಯ ವರ್ಕ್‌ಶಾಪುಗಳಲ್ಲೂ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಲ್ಲೂ ತುಂಡುಗಳನ್ನು ಮಾಡಿ ತಂದರು. 16ರಂದು ಮೊದಲ ತುಂಡು ಇಳಿಯಿತು, 17ಕ್ಕೆ ನೀರು ನಿಂತಿತು. ಟಿವಿಯಲ್ಲಿ ಎಲ್ಲರೂ ಕ್ರೇನು, ನೊರೆ, ಚಪ್ಪಾಳೆ ನೋಡಿದರು. ನನ್ನ ಮನಸ್ಸು ಹೋದದ್ದು ಆ ಕಿರಿದಾದ ಕಟ್ಟೆಯ ಮೇಲೆ ಸಾಮಾನು ಓಡಾಡಬೇಕಾದ ಬಗೆಯ ಕಡೆ. ಅಂಥ ಜಾಗದಲ್ಲಿ ಒಂದು ಲಾರಿ ತಪ್ಪು ಹೊತ್ತಿಗೆ ಬಂದು ನಿಂತರೆ ಕ್ರೇನಿಗೆ ದಾರಿಯಿಲ್ಲ. ನೊರೆಯ ಅಂಚಿನಲ್ಲಿ ನಿಂತವನ ಹಗ್ಗ ಕ್ರೇನಿನ ದಾರಿಗೆ ಅಡ್ಡ ಬಂದರೆ ಒಂದೋ ಕೆಲಸ ನಿಲ್ಲಬೇಕು, ಇಲ್ಲವೇ ಹಗ್ಗ ಬಿಚ್ಚಬೇಕು. ಅವಸರದಲ್ಲಿ ಬಿಚ್ಚುವುದು ಯಾವಾಗಲೂ ಹಗ್ಗವನ್ನೇ. ಆಮೇಲೆ ಬಂದ ತಜ್ಞರ ಸಮಿತಿ 33 ಗೇಟುಗಳನ್ನೂ ಬದಲಿಸಬೇಕು ಎಂದಿತು. ಒಂದು ಗೇಟಿನ ಕೆಲಸ ಮುಗಿದು ಮುಂದಿನದಕ್ಕೆ ಹೋಗುವಾಗ ಕೊಂಡಿ, ಹಗ್ಗ, ಬಲೆ ಎಲ್ಲವೂ ಜೊತೆಗೇ ಸಾಗಬೇಕಾದ ಕೆಲಸ ಅದು.

ಹಂಪಿಯ ಮಾತು ಬೇರೆ. ಅಲ್ಲಿ ಸಾಮಾನು ಇಡುವುದಕ್ಕಿಂತ ಎಲ್ಲಿ ಇಡಬಾರದು, ಎಲ್ಲಿ ಕಟ್ಟಬಾರದು ಎಂಬುದೇ ದೊಡ್ಡದು. ವಿರೂಪಾಕ್ಷನ ಮೂಡಣ ಗೋಪುರ ಒಂಬತ್ತು ನೆಲೆಯದ್ದು, ಸುಮಾರು 50 ಮೀಟರ್ ಎತ್ತರ. ಅಂಥ ಗೋಪುರಕ್ಕೆ ಸಾರವೆ ಕಟ್ಟಿದಾಗ ಹುಕ್ಕು ಹಾಕಲು ಗೋಡೆಗೆ ಡ್ರಿಲ್ ಕೊರೆದು ಬೋಲ್ಟು ಕೂರಿಸುವಂತಿಲ್ಲ. ಗಾರೆಯ ಗೊಂಬೆಯ ಕುತ್ತಿಗೆಗೆ ಹಗ್ಗ ಹಾಕುವಂತೆಯೂ ಇಲ್ಲ. ಹುಕ್ಕು ಸಾರವೆಗೇ ಬೀಳಬೇಕು. ಅಂದರೆ ಸಾರವೆ ತನ್ನ ಭಾರದ ಮೇಲೆ ಒಬ್ಬ ಬೀಳುವವನ ಜರ್ಕನ್ನೂ ತಡೆಯುವಷ್ಟು ಗಟ್ಟಿ ಇರಬೇಕು. ಪಕ್ಕದ ಮಂಟಪದ ಕಂಬ ಇದೆಯಲ್ಲ, ಐನೂರು ವರ್ಷದಿಂದ ನಿಂತಿದೆಯಲ್ಲ ಎಂದು ಅದಕ್ಕೆ ಹಗ್ಗ ಸುತ್ತುವವರು 2024ರ ಮೇ ತಿಂಗಳನ್ನು ನೆನಪಿಸಿಕೊಳ್ಳಲಿ. ಮಳೆಗೆ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿದುಬಿತ್ತು. ಆ ಕಂಬಗಳು ಮೇಲಿಂದ ಬರುವ ಭಾರಕ್ಕೆ ಮಾಡಿದವು, ಪಕ್ಕದ ಎಳೆತಕ್ಕಲ್ಲ. ಇನ್ನು ಮಂಟಪದೊಳಗೆ ಪೈಪು, ಹಲಗೆ ಪೇರಿಸುವುದೂ ಬೇಡ. 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಜಾಗ ನಮ್ಮ ಗೋದಾಮಾಗಬಾರದು.

ಹಂಪಿ ಉತ್ಸವದ ಪೆಂಡಾಲಿನವರಿಗೆ ಒಂದು ಕಿವಿಮಾತು. ಅವರದ್ದು ಸೂರಿನ ಕೆಲಸವೇ. ಒಂದೆರಡು ದಿನದಲ್ಲಿ ಆಳೆತ್ತರದ ನಾಲ್ಕೈದು ಪಟ್ಟು ಮೇಲೆ ಕಬ್ಬಿಣದ ಸೂರು ಏರುತ್ತದೆ, ಅದರ ಮೇಲೆ ದೀಪ, ಬಟ್ಟೆ. ಲಾರಿ ತುಂಬುವಾಗ ಮೊದಲು ಬೆಲ್ಟಿನ ಪೆಟ್ಟಿಗೆ ಹಾಕಿ ಅದರ ಮೇಲೆ ಕಬ್ಬಿಣ ಪೇರಿಸುತ್ತಾರೆ, ಪೆಟ್ಟಿಗೆ ಚಿಕ್ಕದು, ಮೂಲೆಗೆ ಸರಿಯಾಗಿ ಕೂರುತ್ತದೆ ಎಂದು. ಹಂಪಿಯಲ್ಲಿ ಲಾರಿ ಖಾಲಿಯಾಗುವ ಹೊತ್ತಿಗೆ ಅರ್ಧ ಪೆಂಡಾಲು ಎದ್ದಿರುತ್ತದೆ. ಪೆಟ್ಟಿಗೆ ಕೊನೆಗೆ ತುಂಬಿ, ಮೊದಲು ಇಳಿಯುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಹಾಳಾದ ಬೆಲ್ಟಿನ ಗತಿ ಏನು? ಹೊಲಿಗೆ ಬಿಟ್ಟದ್ದು, ಅಂಚು ಹರಿದದ್ದು, ವೆಲ್ಡಿಂಗಿನ ಕಿಡಿ ಬಿದ್ದು ತೂತಾದದ್ದು, ಒಮ್ಮೆ ಬಿದ್ದವನನ್ನು ಹಿಡಿದು ನಿಲ್ಲಿಸಿದ್ದು ಇವು ಯಾವುವೂ ಮತ್ತೆ ಬಳಕೆಗೆ ಬರಕೂಡದು. ಜೀವ ಉಳಿಸಿದ ಬೆಲ್ಟು ಅಂತ ಪ್ರೀತಿಯಿಂದ ಇಟ್ಟುಕೊಳ್ಳುವವರಿದ್ದಾರೆ, ಗೋಡೆಗೆ ನೇತುಹಾಕಿಕೊಳ್ಳಲಿ, ಮೈಗೆ ಬೇಡ. ನಮ್ಮಲ್ಲಿ ಯಾವುದನ್ನೂ ಎಸೆಯುವ ಮನಸ್ಸು ಬರುವುದಿಲ್ಲ. ಬೇಡವಾದ ಬೆಲ್ಟು ಲಾರಿಯ ತಾಡಪಾಲು ಕಟ್ಟಲು ಹೋಗುತ್ತದೆ, ಅಲ್ಲಿಂದ ಇನ್ನೊಂದು ಸೈಟಿನಲ್ಲಿ ಮತ್ತೆ ಮನುಷ್ಯನ ಮೈಮೇಲೆ ಕಾಣಿಸಿಕೊಳ್ಳುತ್ತದೆ. ಕತ್ತರಿಯಿಂದ ಪಟ್ಟಿಗಳನ್ನು ತುಂಡು ಮಾಡಿಯೇ ಹೊರಗೆ ಹಾಕಿ. ಆಯುಧಪೂಜೆಯ ದಿನ ಎಲ್ಲ ಸೈಟಿನಲ್ಲೂ ಸಾಮಾನು ಹೊರಗೆ ಬರುತ್ತದೆ, ತೊಳೆದು ಸಾಲಾಗಿ ಜೋಡಿಸುತ್ತೀರಿ. ಬೆಲ್ಟು, ಹಗ್ಗಗಳನ್ನೂ ಆ ಸಾಲಿನಲ್ಲಿ ಇಡಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಅರಿಸಿನ ಕುಂಕುಮ ಪೆಟ್ಟಿಗೆಗೆ ಹಚ್ಚಿದರೆ ಸಾಕು, ಎಣ್ಣೆ ಹಚ್ಚಿದ ಕುಂಕುಮ ಪಟ್ಟಿಗೆ ಬೇಡ. ವರ್ಷಕ್ಕೊಮ್ಮೆ ಸಾಲದು, ಹಾಕಿಕೊಳ್ಳುವ ಮುನ್ನ ಪ್ರತಿ ದಿನ ಕೈಯಾಡಿಸಿ ನೋಡಬೇಕು. ಆದರೆ ಹಬ್ಬಕ್ಕಾದರೂ ಶುರುವಾಗಲಿ.

ಪೆಟ್ಟಿಗೆಯಲ್ಲಿ ಇನ್ನೊಂದು ಸಾಮಾನು ಇರಬೇಕು, ಬಹಳ ಜನ ಮರೆಯುವಂಥದ್ದು. ಬಿದ್ದು ಬೆಲ್ಟಿನಲ್ಲಿ ನೇತಾಡುತ್ತಿರುವವನನ್ನು ಇಳಿಸುವ ಸಾಮಾನು. ಬೆಲ್ಟು ಹಿಡಿಯಿತು, ಉಳಿದ ಅನ್ನುವಂತಿಲ್ಲ. ತೊಡೆಯ ಪಟ್ಟಿ ಬಿಗಿದು ಅಲುಗಾಡದೆ ನೇತಾಡಿದರೆ ಕಾಲಿನಲ್ಲೇ ರಕ್ತ ನಿಂತು ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಹೊಸಪೇಟೆಯಿಂದಲೋ ಬಳ್ಳಾರಿಯಿಂದಲೋ ಫೈರ್ ಇಂಜಿನ್ ಬರಲಿ ಎಂದು ಕಾಯುವ ಹೊತ್ತಲ್ಲ ಅದು. ಕಾಲೂರಲು ಕುಣಿಕೆ ಹಾಕಿದ ಹಗ್ಗ, ಅವನವರೆಗೆ ಮುಟ್ಟುವ ಏಣಿ, ಇಳಿಸಲು ರಾಟೆ ಇವು ಅದೇ ಸೂರಿನ ಕೆಳಗೇ ಇರಬೇಕು. ಇದ್ದ ಒಂದೇ ಏಣಿಯನ್ನು ಇನ್ನೊಂದು ಶೆಡ್ಡಿಗೆ ಒಯ್ದಿದ್ದರೆ ಮೇಲೆ ಕೆಲಸವನ್ನೂ ನಿಲ್ಲಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಮೂಲದ ಮಾತಿಗೆ ಬರಬೇಕು. ಶೀಟು ಹಾಕುವ ಕೆಲಸ ಚದರಡಿ ಲೆಕ್ಕದ ಗುತ್ತಿಗೆ. ಇಷ್ಟು ಚದರಡಿಗೆ ಇಷ್ಟು ರೂಪಾಯಿ. ಹಲಗೆ ಸಾಗಿಸಿದ ಗಂಟೆಗೆ, ಜೀವಹಗ್ಗ ಕಟ್ಟಿದ ಅರ್ಧ ಗಂಟೆಗೆ, ಸಂಜೆ ಬೆಲ್ಟು ಒರೆಸಿ ಎಣಿಸಿ ಪೆಟ್ಟಿಗೆಗೆ ಹಾಕಿದ ಕಾಲು ಗಂಟೆಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಆ ಹೊತ್ತು ಕೆಲಸಗಾರನ ಜೇಬಿನಿಂದ ಹೋಗುತ್ತದೆ. ಹಾಗಿರುವಾಗ ಅವನು ಬೆಲ್ಟನ್ನು ಸ್ಟೋರಿನಲ್ಲೇ ಬಿಟ್ಟು ಬಂದರೆ ಅವನನ್ನು ಅಸಡ್ಡೆಯವನು ಎಂದು ಬೈಯುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಸುರಕ್ಷತೆಯ ಹೊಣೆಯನ್ನು ಕೆಲಸ ಕೊಟ್ಟವರ ಮೇಲೆ ಇಟ್ಟಿತು. 2020ರ ಕಾರ್ಮಿಕ ಸಂಹಿತೆಯೊಳಗೆ ಆ ಕಾಯ್ದೆ ಸೇರಿದೆ, ಹೊಣೆ ಮಾತ್ರ ಅಲ್ಲಿಯೇ ಉಳಿದಿದೆ. ಕಟ್ಟಡದ ವೆಚ್ಚದ ಮೇಲಿನ ಸೆಸ್ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಕಾರ್ಡ್ ಮಾಡಿಸಿದವರಿಗೆ ಅಲ್ಲಿಂದ ಸಹಾಯ ಸಿಗುತ್ತದೆ. ಮಾಡಿಸದವರು ಮಾಡಿಸಿ. ಆದರೆ ಚದರಡಿಯ ದರದೊಳಗಿನ ಆ ಕಾಲು ಗಂಟೆಯನ್ನು ಯಾವ ಕಾಯ್ದೆಯೂ ಬಂದು ಬರೆದುಕೊಡುವುದಿಲ್ಲ. ಅದು ಮಾಲೀಕರು, ಗುತ್ತಿಗೆದಾರರು, ಮೇಸ್ತ್ರಿಗಳು ಕೂತು ಮಾತಾಡುವಾಗ ಬರಬೇಕಾದ ವಿಷಯ.

ಮುಂದಿನ ಸಲ ಕೊಟೇಶನ್ ಬರೆಯುವ ಮೇಸ್ತ್ರಿಗಳೇ, ಶೀಟು, ಬೋಲ್ಟು, ಕೂಲಿ, ಬಾಡಿಗೆ ಎಂದು ಬರೆದ ಮೇಲೆ ಇನ್ನೊಂದು ಸಾಲು ಬರೆಯಿರಿ: ಸುರಕ್ಷತಾ ಸಾಮಾನು ತರುವುದು, ಕಟ್ಟುವುದು, ಬಿಚ್ಚುವುದು, ಎತ್ತಿಡುವುದು, ದಿನಕ್ಕೆ ಇಷ್ಟು ಗಂಟೆ, ಇಷ್ಟು ರೂಪಾಯಿ. ಮಾಲೀಕರು ಆ ಸಾಲಿನ ಮೇಲೆ ಗೀಟು ಎಳೆಯಲು ಬರಬಹುದು. ಆಗ ಯಾವ ಶೆಡ್ಡಿನ ಮೇಲೆ, ಯಾರು, ಎಷ್ಟು ಎತ್ತರಕ್ಕೆ ಹತ್ತುತ್ತಾರೆ ಎಂದು ಅವರನ್ನೇ ಕೇಳಿ.